‘ನೀ ಫೋನ್ ಹಚ್ಚವ್ವಾ’

ತೊಗರಿ ಸೀಜನ್ನಿನಲ್ಲಿ ಕಲಬುರಗಿ ಗಂಜ್‌ನಲ್ಲಿ ಕೆಲಸ ಮುಗಿಯೋದೇ ಇಲ್ಲ. ನಾನು ಒಂದು ದಾಲ್‌ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಜನವರಿಯಲ್ಲಿ ಮನೆಗೆ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತದೆ. ಹುಮನಾಬಾದ್ ಬೇಸ್ ತನಕ ನಡೆದು, ಅಲ್ಲಿಂದ ಸೂಪರ್ ಮಾರ್ಕೆಟ್‌ಗೆ ಟಂಟಂ ಆಟೊ ಹಿಡಿಯುತ್ತೇನೆ. ಆವತ್ತು ಟಂಟಂ ನಿಲ್ಲುವ ಜಾಗದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಯಾರಿಗೋ ಗಾಡಿ ತಾಗಿರಬೇಕು ಅಂದುಕೊಂಡೆ. ಗಾಡಿ ತಾಗಿದ್ದರೆ ಇಷ್ಟೊತ್ತಿಗೆ ಬೈದಾಟ ಶುರುವಾಗಿರುತ್ತಿತ್ತು. ಇಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ನಡುವೆ ಒಬ್ಬ ಹೆಣ್ಣುಮಗಳು. ಇಪ್ಪತ್ತೈದರ ಆಸುಪಾಸು ಇರಬಹುದು. ಅವಳ ಜಡೆಯನ್ನು ಒಬ್ಬ ತನ್ನ ಎಡಗೈಗೆ ಸುತ್ತಿಕೊಂಡಿದ್ದ. ಬಲಗೈಯಲ್ಲಿ ಶಹಾಬಾದ್ ಫರ್ಸಿಯ ಒಡೆದ ತುಂಡು. ನಮ್ಮ ಕಡೆ ಮನೆ ನೆಲಕ್ಕೆ ಹಾಸುವ ಅದೇ ಕಲ್ಲು. ರಸ್ತೆ ಬದಿಯ ಕೆಲಸಕ್ಕೆ ತಂದು ಒಟ್ಟಿದ್ದರು. ಒಡೆದರೆ ಅದರ ಅಂಚು ಕೊಡಲಿ ಇದ್ದ ಹಾಗೆ.

“ಏನಾಗ್ಯಾದ್ರಿ?” ಅಂತ ಪಕ್ಕದವರನ್ನು ಕೇಳಿದೆ.

“ಗಂಡ ಹೆಂಡ್ತಿ ಜಗಳರಿ. ನಡುವೆ ನಾವ್ಯಾಕ ಹೋಗ್ಬೇಕು.”

ಗಂಡ ಅಂತ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಅದು ಒಬ್ಬರಿಂದ ಒಬ್ಬರಿಗೆ ಹರಡಿತ್ತು, ಅಷ್ಟೇ. ಒಬ್ಬ ಹುಡುಗ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದ. ಹಿಂದಿನಿಂದ ಯಾರೋ “ಪೊಲೀಸರಿಗೆ ಹೇಳ್ಯಾರೇನು?” ಅಂದರು. “ಹೇಳಿರ್ತಾರ ಬಿಡ್ರಿ” ಅಂತ ಇನ್ನೊಬ್ಬರು. ಆಮೇಲೆ ಗೊತ್ತಾಯಿತು, ಅಲ್ಲಿಯವರೆಗೆ ಒಬ್ಬರೂ ಹೇಳಿರಲಿಲ್ಲ.

ಅಲ್ಲೇ ಖಡಕ್ ರೊಟ್ಟಿ ಮಾರುವ ಒಬ್ಬ ಆಯಿ ಇದ್ದಾಳೆ. ರೊಟ್ಟಿ ಬುಟ್ಟಿಗೆ ಬಟ್ಟೆ ಮುಚ್ಚಿ ಎದ್ದು ಬಂದಳು. ಬಂದವಳು ಅವನ ಕಡೆ ಹೋಗಲಿಲ್ಲ, ನಮ್ಮ ಕಡೆ ತಿರುಗಿದಳು.

“ಏ ಹಸಿರು ಸೀರಿ, ನೀ ಫೋನ್ ಹಚ್ಚವ್ವಾ ಪೊಲೀಸರಿಗೆ. ಏ ತಮ್ಮಾ, ಖಾಕಿ ಅಂಗಿ, ನಿನ್ನ ಟಂಟಂ ಚಾಲೂ ಮಾಡು, ಅವನ ಮಾರಿ ಮ್ಯಾಲ ಲೈಟ್ ಬಿಡು. ನೀವಿಬ್ಬರು ಅವನ ಹಿಂದ ಹೋಗಿ ನಿಂದ್ರಿ. ಮುಟ್ಟಬ್ಯಾಡ್ರಿ.”

ಹಸಿರು ಸೀರೆ ಉಟ್ಟವಳು ನಾನೇ. 112 ಒತ್ತಿದೆ. ಎಲ್ಲಿ, ಏನಾಗಿದೆ, ಕೈಯಲ್ಲಿ ಏನಾದರೂ ಇದೆಯಾ ಅಂತ ಕೇಳಿದರು. ಅವನಿಗೂ ಕೇಳಲಿ ಅಂತ ಬೇಕೆಂದೇ ಜೋರಾಗಿ ಹೇಳಿದೆ. ಆಯಿ ಮಾತ್ರ ಅವನನ್ನು ನೆಂಟರ ಹುಡುಗನನ್ನು ವಿಚಾರಿಸಿದಂತೆ ವಿಚಾರಿಸುತ್ತಿದ್ದಳು. “ಯಾವ ಊರು ತಮ್ಮಾ? ನಿಮ್ಮಪ್ಪನ ಹೆಸರೇನು? ಉಂಡೀಯೇನು?” ಅವನು ಬೈದ. ಬೈಯಬೇಕಾದರೂ ಅವಳ ಕಡೆ ತಿರುಗಲೇಬೇಕಲ್ವಾ. ಅಷ್ಟರಲ್ಲಿ ಟಂಟಂ ಲೈಟು ಕಣ್ಣಿಗೆ ಹೊಡೆಯಿತು. ಮುಖಕ್ಕೆ ಅಡ್ಡ ಹಿಡಿಯಲು ಎಡಗೈ ಎತ್ತಿದ, ಜಡೆ ಬಿಟ್ಟುಹೋಯಿತು. ಆಯಿ ಆ ಹುಡುಗಿಯ ತೋಳು ಹಿಡಿದು ತನ್ನ ಹಿಂದೆ ಎಳೆದುಕೊಂಡಳು. ಅವನು ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ಕಲ್ಲು ಕೆಳಗೆ ಬಿಸಾಕಿದ.

ಕಲ್ಲು ಬಿದ್ದದ್ದೇ ತಡ, ಗುಂಪಿಗೆ ಜೀವ ಬಂತು. ಅದುವರೆಗೆ ಕೈಕಟ್ಟಿ ನಿಂತವರೇ “ಹಾಕ್ರಿ ಅವ್ನಿಗಿ” ಅಂತ ನುಗ್ಗಿದರು. ನನಗೆ ಸಿಟ್ಟು ಬಂದದ್ದು ಆಗಲೇ. “ಈಗ ಬಂತೇನು ಗಂಡಸ್ತನ? ಸರೀರಿ ಹಿಂದಕ್ಕ” ಅಂತ ಆಯಿ ಗದರಿದಳು. ಬೆನ್ನ ಹಿಂದೆ ನಿಂತಿದ್ದ ಇಬ್ಬರು ಅವನಿಗೆ ಅಡ್ಡ ನಿಂತರು. ಪೊಲೀಸ್ ಗಾಡಿ ಬರುವ ತನಕ ಅವನನ್ನು ಕಾಯುವುದೇ ದೊಡ್ಡ ಕೆಲಸವಾಯಿತು.

ಅವನು ಗಂಡನೇ. ಅದನ್ನು ಅವಳೇ ಪೊಲೀಸರಿಗೆ ಹೇಳಿದಳು. ಅಂದರೆ ಗುಂಪಿನ ಊಹೆ ಸರಿಯಾಗಿತ್ತು. ಕಲ್ಲಿಗೆ ಅದರಿಂದ ಏನು ವ್ಯತ್ಯಾಸ? ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಅನ್ನೋ ಗಾದೆ ಹುಟ್ಟಿದ್ದು ಬರೀ ಬಾಯಿಮಾತಿನ ಜಗಳಕ್ಕೆ. ಜಡೆ ಹಿಡಿದು ಕಲ್ಲೆತ್ತಿದವನ ಮುಂದೆ ಅದನ್ನು ನೆನೆಸಿಕೊಳ್ಳುವವರು ತಮಗೆ ತಾವೇ ಸಬೂಬು ಹುಡುಕುತ್ತಿದ್ದಾರೆ, ಅಷ್ಟೇ.

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ತಲೆ ಮೇಲೆ ಕೈ ಹೊತ್ತರು. “ನಿನಗ್ಯಾಕ ಬೇಕಿತ್ತು? ನಾಳೆ ಕೋರ್ಟಿಗೆ ಯಾರು ಅಲೀಬೇಕು?” ಮಗಳು ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ಅವಳು ಮಧ್ಯೆ ಬಾಯಿ ಹಾಕಿದಳು. 1976ರಲ್ಲಿ ಅಮೆರಿಕದ ಶಾಟ್‌ಲೆಂಡ್ ಮತ್ತು ಸ್ಟ್ರಾ ಎಂಬಿಬ್ಬರು ಒಂದು ಪ್ರಯೋಗದ ವರದಿ ಪ್ರಕಟಿಸಿದ್ದರಂತೆ. ಗಂಡಸೊಬ್ಬ ಹೆಂಗಸಿನ ಮೇಲೆ ಕೈ ಮಾಡುವ ನಾಟಕ. ಅವಳು ‘ನೀನು ಯಾರೋ ನನಗೆ ಗೊತ್ತಿಲ್ಲ’ ಅಂತ ಕೂಗಿದಾಗ ನೋಡಿದವರಲ್ಲಿ ಶೇ. 65 ಮಂದಿ ಅಡ್ಡ ಬಂದರು. ‘ನಿನ್ನನ್ನು ಯಾಕಾದರೂ ಮದುವೆಯಾದೆನೋ’ ಅಂತ ಕೂಗಿದಾಗ ಶೇ. 19. ಹಲ್ಲೆ ಅದೇ, ಚೀರಾಟ ಅದೇ. ಅಮೆರಿಕವಾದರೇನು, ಹುಮನಾಬಾದ್ ಬೇಸ್ ಆದರೇನು!

ಇನ್ನೊಂದನ್ನೂ ಅವಳೇ ಹೇಳಿದಳು, ಇದು ಸಮಾಧಾನದ್ದು. ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡಾಮ್, ಕೇಪ್‌ಟೌನ್ ಊರುಗಳ ಸಿಸಿಟಿವಿಯಲ್ಲಿ ಸಿಕ್ಕ 219 ಬೀದಿ ಜಗಳಗಳನ್ನು ಸಂಶೋಧಕರು ಕೂತು ನೋಡಿದ್ದಾರೆ. ಶೇ. 91ರಲ್ಲಿ ಒಬ್ಬರಾದರೂ ನಡುವೆ ಬಂದಿದ್ದಾರೆ. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಬರುವ ಸಾಧ್ಯತೆ ಜಾಸ್ತಿ. ಹಾಗಾದರೆ ಗುಂಪನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ನಮ್ಮ ಆಯಿ ಗುಂಪನ್ನು ಬೈದದ್ದು ಆಮೇಲೆ. ಮೊದಲು ಒಬ್ಬೊಬ್ಬರಿಗೂ ಕೆಲಸ ಹಂಚಿದ್ದಳು. ಅಂಗಿ ಬಣ್ಣ ಹೇಳಿ ಕರೆದ ಮೇಲೆ ‘ಬೇರೆ ಯಾರೋ ಮಾಡಿರ್ತಾರೆ’ ಅನ್ನೋಕೆ ಆಗೋದಿಲ್ಲ.

ನಮ್ಮ ಮಿಲ್ಲಿಗೆ ಬರುವ ವಕೀಲರನ್ನು ಕೇಳಿದೆ. ಇನ್ನೊಬ್ಬರ ಜೀವ ಉಳಿಸಲು ಅಡ್ಡ ಹೋಗುವ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 35ನೇ ಕಲಂನಲ್ಲಿದೆ. ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಅಂದರೆ ಕಲ್ಲು ಬಿಸಾಕಿದ ಮೇಲೆ ನುಗ್ಗಿದವರಿಗೆ ಅದು ಆಸರೆಯಾಗುವುದಿಲ್ಲ. ಅದು ಹಕ್ಕು, ಕಡ್ಡಾಯವಲ್ಲ. ಆದರೆ ಕೊಲೆ, ದರೋಡೆಯಂಥದ್ದಕ್ಕೆ ಯಾರೋ ಹೊರಟಿದ್ದಾರೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕರ್ತವ್ಯ ಅಂತ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. ನನಗೆ ಈ ಅಳತೆ ಸರಿ ಅನ್ನಿಸಿತು. ಬರಿಗೈಯಲ್ಲಿ ಚಾಕುವಿಗೆ ಎದೆ ಕೊಡು ಅಂತ ಯಾರನ್ನೂ ಕೇಳಲಾಗದು, ನನ್ನ ಮಗಳನ್ನಂತೂ ಕೇಳಲಾರೆ. ಫೋನ್ ಮಾಡು, ಕೂಗು, ಜಾಗ ಬಿಟ್ಟು ಹೋಗಬೇಡ, ಕಂಡದ್ದನ್ನು ಕಂಡ ಹಾಗೆ ಹೇಳು ಅಂತ ಧಾರಾಳವಾಗಿ ಕೇಳಬಹುದು.

ಕೊನೆಯದೇ ಕಷ್ಟದ್ದು. ಸಾಕ್ಷಿ ಅಂದರೆ ನಮ್ಮ ಯಜಮಾನರಷ್ಟೇ ಅಲ್ಲ, ಇಡೀ ಓಣಿ ಹೆದರುತ್ತದೆ. ಬೆದರಿಕೆ ಇರುವ ಸಾಕ್ಷಿಗಳ ರಕ್ಷಣೆಯ ಯೋಜನೆಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ ಅಂದೆ. “ಕಾಗದದಾಗ ಎಲ್ಲಾ ಇರ್ತದ” ಅಂದರು. ಅದನ್ನು ನಾನೂ ಅಲ್ಲಗಳೆಯಲಿಲ್ಲ. ಪೊಲೀಸರು ನನ್ನ ನಂಬರ್ ಬರೆದುಕೊಂಡಿದ್ದಾರೆ. ಸಮನ್ಸ್ ಇನ್ನೂ ಬಂದಿಲ್ಲ. ಬಂದರೆ ರಜೆ ಹಾಕಿ ಹೋಗುತ್ತೇನೆ ಅಂತ ಮಿಲ್ಲಿನಲ್ಲಿ ಹೇಳಿಟ್ಟಿದ್ದೇನೆ. ಮರೆತು ತಡವರಿಸಬಾರದು ಅಂತ ಆವತ್ತು ರಾತ್ರಿಯೇ ಲೆಕ್ಕದ ಡೈರಿಯ ಹಿಂದಿನ ಪುಟದಲ್ಲಿ ಬರೆದಿಟ್ಟೆ: ಹೊತ್ತು, ಜಾಗ, ಜಡೆ ಎಡಗೈಯಲ್ಲಿ, ಕಲ್ಲು ಬಲಗೈಯಲ್ಲಿ.