ಸೂಟ್‌ಕೇಸಿಗೆ ಹಿಡಿಯದ ಕಂಪ್ಯೂಟರ್

"ಹಾಗಾದ್ರೆ ನೀವು ಇಲ್ಲೇ ಇರೋದು ಅಂತ ಗಟ್ಟಿಯಾಯ್ತು ಬಿಡಿ."

ಪಕ್ಕದ ಮನೆಯ ಹಿರಿಯರು ಹೀಗೆ ಅಂದಾಗ ಅವರ ಕೈಯಲ್ಲಿದ್ದದ್ದು ನನ್ನ ಮಗ ಬರೆದ ಪಟ್ಟಿ. ಗೇಮಿಂಗ್ ಕಂಪ್ಯೂಟರ್ ಜೋಡಿಸೋಕೆ ಬೇಕಾದ ಸಾಮಾನಿನ ಪಟ್ಟಿ. ಅವರು ತಮಾಷೆಗೆ ಅಂದದ್ದು. ಮಗನೂ ನಕ್ಕ. ನಾನು ಮಾತ್ರ ಆವತ್ತಿಡೀ ಅದನ್ನೇ ಮೆಲುಕು ಹಾಕುತ್ತಿದ್ದೆ.

ನಮ್ಮ ಮನೆಗೆ ಯಾವ ವಸ್ತು ಬಂದರೂ ಮೊದಲ ಪ್ರಶ್ನೆ ಒಂದೇ. ಊರಿಗೆ ವಾಪಸ್ ಹೋಗುವಾಗ ಇದನ್ನೇನು ಮಾಡೋದು? ಮಂಚ ಬಿಚ್ಚಿ ಮಡಚುವಂಥದ್ದು. ಕಪಾಟು ಯಾರೋ ಬಿಟ್ಟುಹೋದದ್ದು. ಕಂಪ್ಯೂಟರ್ ಅಂದ್ರೆ ಯಾವತ್ತೂ ಲ್ಯಾಪ್‌ಟಾಪೇ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಸಲ ರ್‍ಯಾಮನ್ನೂ ಎಲ್ಲ ಭಾಗ ಕೂರುವ ಮದರ್‌ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಕೊಂಡ ದಿನ ಏನಿತ್ತೋ ಕಡೆಯ ದಿನಕ್ಕೂ ಅಷ್ಟೇ. ನಮ್ಮ ಹಳೆಯದು ಚೆನ್ನಾಗಿಯೇ ಓಡುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಇದರ ಪ್ರೊಸೆಸರನ್ನು ಒಪ್ಪಲಿಲ್ಲ. ಮಗನಿಗೆ ಅಷ್ಟು ನೆಪ ಸಾಕಾಯ್ತು.

ಅವನ ಪಟ್ಟಿ ಹೇಗಿತ್ತು ಅಂತ ಗೇಮ್ ಆಡುವ ಮಕ್ಕಳಿರುವ ಯಾರಾದರೂ ಊಹಿಸಬಹುದು. ಅರ್ಧಕ್ಕಿಂತ ಜಾಸ್ತಿ ದುಡ್ಡು ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ. ಉಳಿದದ್ದರಲ್ಲಿ ದೊಡ್ಡ ಪಾಲು ಪ್ರೊಸೆಸರಿಗೆ. ತೀರಾ ಕೆಳಗೆ, ಮಿಕ್ಕ ಚಿಲ್ಲರೆಯಲ್ಲಿ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದ ಮಾಡಿ ಹಂಚುವ, ಹೆಸರೇ ಕೇಳದ ಕಂಪನಿಯ ಒಂದು ಎಸ್‌ಎಂಪಿಎಸ್. ಹಿರಿಯರು ಕೆಲಸದಲ್ಲಿದ್ದಾಗ ಎಲೆಕ್ಟ್ರಿಕಲ್ ರಿಪೇರಿ ಮಾಡುತ್ತಿದ್ದವರು. "ಇದನ್ನ ಕೆಳಗಿಂದ ಓದೋಣ್ವಾ?" ಅಂದರು.

ಅಲ್ಲಿಂದ ಮುಂದೆ ನಡೆದದ್ದು ಪಾಠವೇ. ಎಟಿಎಕ್ಸ್ ಅನ್ನುವ ಅಳತೆಯನ್ನು ಇಂಟೆಲ್ 1995ರಲ್ಲಿ ತಂದಿತು. ಇವತ್ತಿಗೂ ಕ್ಯಾಬಿನೆಟ್ಟು, ಬೋರ್ಡು, ಎಸ್‌ಎಂಪಿಎಸ್ ಮೂರೂ ಹೆಚ್ಚಾಗಿ ಆ ಅಳತೆಯನ್ನೇ ಹಿಡಿದು ಬರುತ್ತವೆ. ಅಂದ್ರೆ ಇವತ್ತು ಒಳ್ಳೆಯ ಎಸ್‌ಎಂಪಿಎಸ್ ಕೊಂಡರೆ ಮುಂದಿನ ಬೋರ್ಡಿಗೂ, ಅದರ ಮುಂದಿನ ಬೋರ್ಡಿಗೂ ಅದೇ ಆದೀತು. ಒಳ್ಳೆಯವಕ್ಕೆ 10 ವರ್ಷ ವಾರಂಟಿ ಕೊಡುತ್ತಾರೆ. ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ಅಷ್ಟು ಆಯಸ್ಸಿನ ಧೈರ್ಯ ಇಲ್ಲ. ಡಬ್ಬದ ಮೇಲಿನ '80 ಪ್ಲಸ್ ಗೋಲ್ಡ್' ನೋಡಿ ಮರುಳಾಗಬೇಡಿ, ಅದು ಎಷ್ಟು ಕರೆಂಟು ಪೋಲಾಗುತ್ತೆ ಅನ್ನೋದರ ಲೆಕ್ಕವೇ ಹೊರತು ಒಳಗಿನ ಮಾಲಿನ ಗುಣದ್ದಲ್ಲ ಅಂದರು. ಎಟಿಎಕ್ಸ್ 3 ಮಾದರಿಯದು ಸಿಕ್ಕರೆ ವಾಸಿ. ಹೊಸ ಕಾರ್ಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ದುಪ್ಪಟ್ಟು ಕರೆಂಟು ಎಳೆದುಬಿಡುತ್ತವೆ. ಅದನ್ನು ತಡೆದುಕೊಳ್ಳಬೇಕು ಅಂತ ಆ ನಿಯಮದಲ್ಲೇ ಬರೆದಿದ್ದಾರೆ. ನಮ್ಮಂಥ ಸಾಧಾರಣ ಸೆಟ್ಟಿಗೆ 650 ಅಥವಾ 750 ವ್ಯಾಟ್ ಧಾರಾಳ. ಇನ್ನೊಂದು ಮಾತನ್ನು ಬೆರಳೆತ್ತಿ ಹೇಳಿದರು: ಮುಂದೆ ಎಸ್‌ಎಂಪಿಎಸ್ ಬದಲಿಸಿದರೆ ಹಳೆಯದರ ಕೇಬಲ್ ಹೊಸದಕ್ಕೆ ಚುಚ್ಚಬೇಡಿ. ತುದಿ ಕೂತರೂ ಒಳಗಿನ ವೈರಿನ ಕ್ರಮ ಬೇರೆ ಇರಬಹುದು. ಡಿಸ್ಕು ಸುಟ್ಟುಹೋಗುತ್ತೆ.

ನನಗೆ ಅಪ್ಪ ಕೊಡಿಸಿದ ಅಸೆಂಬಲ್ಡ್ ಸೆಟ್ಟು ನೆನಪಾಯಿತು. ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಎರಡೇ. ಯಾವ ಪ್ರೊಸೆಸರ್, ಎಷ್ಟು ಜಿಬಿ? ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಎಸ್‌ಎಂಪಿಎಸ್ ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಅದು ಕ್ಯಾಬಿನೆಟ್ಟಿನ ಜತೆ ಸುಮ್ನೆ ಬಂದದ್ದು. ಒಂದು ಸಂಜೆ ಟಪ್ ಅಂತ ಸದ್ದು ಮಾಡಿತು, ಹೋಗುವಾಗ ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜತೆಗೆ ಕರೆದುಕೊಂಡು ಹೋಯಿತು. ಕರೆಂಟು ಏರುಪೇರಾಯ್ತು ಅಂತ ಎಲ್ಲರೂ ಒಪ್ಪಿಕೊಂಡೆವು. ಕಣ್ಣಿಗೆ ಕಾಣುವ ಅಂಕಿಗೆ ದುಡ್ಡು ಸುರಿದು, ಕಾಣದ್ದನ್ನು ದೇವರ ಮೇಲೆ ಬಿಡೋದು ನಮ್ಮವರಿಗೆ ಚೆನ್ನಾಗಿ ಬರುತ್ತೆ. ಕಂಪ್ಯೂಟರಿನಲ್ಲಿ ಮಾತ್ರ ಅಲ್ಲ.

ಆಮೇಲೆ ಸಾಕೆಟ್ಟಿನ ವಿಷಯ, ಅಂದ್ರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಹಿರಿಯರ ಬೋರ್ಡು 2017ರದ್ದು, ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ಎಎಂ4 ಸಾಕೆಟ್. ಅದೇ ಕಂಪನಿಯ ಮೊದಲ ತಲೆಮಾರಿನ ರೈಜನ್ ಪ್ರೊಸೆಸರ್ ಹಾಕಿಕೊಂಡು ಶುರು ಮಾಡಿದವರು. 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಈಗ ಅದೇ ಬೋರ್ಡಿನಲ್ಲಿ ಕೂತಿದೆ. ಬೋರ್ಡಿನೊಳಗಿನ ಬಯಾಸ್ ಅನ್ನೋ ತಂತ್ರಾಂಶ ಅಪ್‌ಡೇಟ್ ಮಾಡಿದ್ದಷ್ಟೇ. ಇದು ತಾನಾಗಿ ಆದದ್ದಲ್ಲ. ಹಳೆಯ ಬೋರ್ಡುಗಳಿಗೆ ಹೊಸ ಚಿಪ್ ಆಗಲ್ಲ ಅಂತ ಕಂಪನಿ 2020ರಲ್ಲಿ ಹೇಳಿತ್ತು. ಕೊಂಡವರು ಗಲಾಟೆ ಎಬ್ಬಿಸಿದ ಮೇಲೆ ಕೆಲವು ಬೋರ್ಡುಗಳಿಗೆ ಒಪ್ಪಿತು. 2017ರ ಬೋರ್ಡುಗಳಿಗೆ 2022ರಲ್ಲಿ ಬಾಗಿಲು ತೆರೆಯಿತು. ಇಂಟೆಲ್ ಕಡೆ ಎಲ್‌ಜಿಎ 1700 ಸಾಕೆಟ್ 2021ರಲ್ಲಿ ಬಂತು, 2024ರಲ್ಲಿ ಹೊಸ ಚಿಪ್ಪುಗಳಿಗೆ ಬೇರೆಯೇ ಸಾಕೆಟ್ ಆಯಿತು. ಹಾಗಾಗಿ ನಮ್ಮ ಪಟ್ಟಿಯಲ್ಲಿ ಎಎಂ4ರ ನಂತರದ ಎಎಂ5 ಬೋರ್ಡು ಬಂತು. ಅದಕ್ಕೆ 2027ರವರೆಗಾದರೂ ಹೊಸ ಚಿಪ್ ಕೊಡ್ತೀವಿ ಅಂತ ಎಎಂಡಿ ಮಾತು ಕೊಟ್ಟಿದೆ. ಈಗ 6 ಕೋರಿನ ರೈಜನ್ 5 7600 ಸಾಕು, ದೊಡ್ಡದನ್ನು ಮುಂದೆ ಹಾಕಿಕೊಳ್ಳಲಿ. ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಹಿರಿಯರೇ ಕೊಟ್ಟರು. ಎಎಂ4ಗೆ ಕೂರುವ ಬಹಳಷ್ಟು ಕೂಲರ್ ಎಎಂ5ಗೂ ಕೂರುತ್ತವೆ.

ರ್‍ಯಾಮ್ ವಿಷಯದಲ್ಲಿ ಮಗ ಜಾಣತನ ತೋರಿಸೋಕೆ ಹೋದ. ಬೋರ್ಡಿನಲ್ಲಿ ನಾಲ್ಕು ಜಾಗ ಇದೆ, ಈಗ ಎರಡು ತುಂಬಿಸೋಣ, ಆಮೇಲೆ ಇನ್ನೆರಡು ಅಂದ. ಡಿಡಿಆರ್5 ಅನ್ನೋ ಈಗಿನ ಮೆಮೊರಿಯಲ್ಲಿ ಆ ಲೆಕ್ಕ ನಡೆಯಲ್ಲವಂತೆ. ರೈಜನ್ 7000 ಚಿಪ್ಪುಗಳಿಗೆ ಎರಡು ಮೆಮೊರಿ ಕಡ್ಡಿ ಇದ್ದರೆ ಅಧಿಕೃತ ವೇಗ 5200, ನಾಲ್ಕು ಹಾಕಿದರೆ 3600ಕ್ಕೆ ಇಳಿಯುತ್ತೆ. ಖಾಲಿ ಜಾಗ ಕಂಡಿತು ಅಂತ ಅದನ್ನು ಭವಿಷ್ಯ ಅಂದುಕೊಳ್ಳೋ ಹಾಗಿಲ್ಲ. ಅದರ ಮೇಲೆ, ಎಐ ಸರ್ವರುಗಳಿಗೆ ಮೆಮೊರಿ ಹರಿದುಹೋಗಿ 2025ರ ಕೊನೆಯಿಂದ ರ್‍ಯಾಮ್ ಬೆಲೆ ಎಲ್ಲ ಕಡೆ ಏರಿ ಕೂತಿದೆ. ಸದ್ಯಕ್ಕೆ 16 ಜಿಬಿಯ ಒಂದೇ ಕಡ್ಡಿ ಹಾಕೋಣ, ಬೆಲೆ ಇಳಿದಾಗ ಅದೇ ಮಾದರಿಯ ಇನ್ನೊಂದು ಅಂತ ತೀರ್ಮಾನವಾಯಿತು. ಅಲ್ಲಿಯವರೆಗೆ ವೇಗ ಸ್ವಲ್ಪ ಕಮ್ಮಿ. ಮಗನ ಮುಖ ಸಣ್ಣದಾಯಿತು, ಆದರೆ ಒಪ್ಪಿದ.

ಕಾರ್ಡಿನ ವಿಷಯದಲ್ಲಿ ಗೆದ್ದದ್ದು ಮಗನೇ. ಗ್ರಾಫಿಕ್ಸ್ ಕಾರ್ಡು ಚಪ್ಪಲಿ ಇದ್ದ ಹಾಗೆ, ಸವೆದಾಗ ಬದಲಿಸೋದೇ, 8 ಜಿಬಿಯದು ಸಾಕು ಅಂತ ಹಿರಿಯರ ವಾದ. ಮಗ ಬಿಡಲಿಲ್ಲ. 2020ರಲ್ಲಿ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ ಗೇಮ್ ಯಂತ್ರಗಳಲ್ಲಿ 16 ಜಿಬಿ ಮೆಮೊರಿ ಇದೆ. ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಸೇರಿ ಅಷ್ಟು. ಈಗಿನ ದೊಡ್ಡ ಗೇಮುಗಳನ್ನು ಆ ಲೆಕ್ಕ ಇಟ್ಟುಕೊಂಡೇ ಮಾಡ್ತಾರೆ, 8 ಜಿಬಿ ಕಾರ್ಡು ಅಲ್ಲಲ್ಲಿ ಉಸಿರು ಕಟ್ಟುತ್ತೆ ಅಂದ. ಆರ್‌ಟಿಎಕ್ಸ್ 5060 ಟಿಐ, ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡು ಕಾರ್ಡುಗಳೂ ತಂತಮ್ಮ ಅದೇ ಹೆಸರಿನಲ್ಲಿ 8 ಮತ್ತು 16 ಜಿಬಿಯಲ್ಲಿ ಬರುತ್ತವೆ. ಡಬ್ಬ ಸರಿಯಾಗಿ ಓದದಿದ್ದರೆ ಟೋಪಿ ಬಿತ್ತು ಅಂತಲೇ ಲೆಕ್ಕ. "ರ್‍ಯಾಮ್ ಆಮೇಲೆ ಸೇರಿಸಬಹುದು ತಾತ, ಕಾರ್ಡಿನ ಮೆಮೊರಿ ಸೇರಿಸೋಕಾಗಲ್ವಲ್ಲ" ಅಂದ. ಹಿರಿಯರು ಪೆನ್ನು ಕೆಳಗಿಟ್ಟರು. 16 ಜಿಬಿಯದ್ದೇ ಆಯಿತು. ಅದಕ್ಕೆ ಬದಲಾಗಿ ಹೊಸ ಮಾನಿಟರ್ ಆಸೆ ಕೈಬಿಡಬೇಕಾಯಿತು. 1080ಪಿ ಪರದೆ ಸಾಕಪ್ಪಾ ಸದ್ಯಕ್ಕೆ.

ಊರಿಗೆ ಫೋನ್ ಮಾಡಿದಾಗ ಅಣ್ಣನಿಗೆ ಹೇಳಿದೆ. "ಅದ್ಯಾಕೆ ಅಷ್ಟು ದೊಡ್ಡದು? ಎರಡು ವರ್ಷಕ್ಕೆ ಹಳೇದಾಗುತ್ತೆ. ಲ್ಯಾಪ್‌ಟಾಪ್ ತಗೊಂಡಿದ್ರೆ ಬರುವಾಗ ತರಬಹುದಿತ್ತಲ್ವಾ?" ಅಂದ. 'ಬರುವಾಗ' ಅಂತ ಅವನು ಎಷ್ಟು ಸಲೀಸಾಗಿ ಅಂದುಬಿಟ್ಟ! ಪಕ್ಕದ ಮನೆಯವರು ನಾವು ಇಲ್ಲೇ ಉಳಿದೆವು ಅಂದುಕೊಂಡಿದ್ದಾರೆ. ಅಣ್ಣ ನಾವು ಹೊರಟೇಬಿಟ್ಟೆವು ಅಂದುಕೊಂಡಿದ್ದಾನೆ. ಇಬ್ಬರಿಗೂ ಹೌದು ಅಂದಿಲ್ಲ, ಅಲ್ಲ ಅಂತಲೂ ಅಂದಿಲ್ಲ. ಹಾಗೆ ಅನ್ನದೆಯೇ ಇಷ್ಟು ವರ್ಷ ಕಳೆದಿದ್ದೇವೆ. ಗೋಡೆಗೆ ಮೊಳೆ ಹೊಡೆಯೋಕೂ ಯೋಚನೆ ಮಾಡುತ್ತೇವೆ.

ಕ್ಯಾಬಿನೆಟ್ ಜೋಡಿಸುವಾಗ ನಾನೂ ಸ್ಕ್ರೂಡ್ರೈವರ್ ಹಿಡಿದೆ. ಹೊತ್ತೊಯ್ಯೋದಾದರೆ ಯಾವುದನ್ನು ಅಂತ ಮನಸ್ಸು ತನ್ನ ಪಾಡಿಗೆ ಲೆಕ್ಕ ಹಾಕುತ್ತಲೇ ಇತ್ತು. ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಮೂರೂ ಒಂದು ಅಂಗೈಯಲ್ಲಿ ಹಿಡಿಯುತ್ತವೆ. ಕಾರ್ಡನ್ನು ಸ್ವೆಟರಿನಲ್ಲಿ ಸುತ್ತಿದರಾಯ್ತು. ಉಳಿಯೋದು ಭಾರದ ಕ್ಯಾಬಿನೆಟ್ಟು, ಎಸ್‌ಎಂಪಿಎಸ್. ತಮಾಷೆ ಏನು ಗೊತ್ತಾ? ಬೇಗ ಹಳೇದಾಗುವವೆಲ್ಲ ಚೀಲಕ್ಕೆ ಹಿಡಿಯುತ್ತವೆ, ಬಾಳಿಕೆ ಬರುವವನ್ನೇ ಬಿಟ್ಟು ಹೋಗಬೇಕು. ಹಾಗಂತ ನಾನು ಗೊಣಗಿದಾಗ ಮಗ ಎಸ್‌ಎಂಪಿಎಸ್ ತಿರುಗಿಸಿ ಚೀಟಿ ತೋರಿಸಿದ. 100ರಿಂದ 240 ವೋಲ್ಟ್. "ಎಲ್ಲಿಗೆ ಬೇಕಾದ್ರೂ ಬರುತ್ತೆ ಅಮ್ಮ. ವಾಲ್ ಕೇಬಲ್ ಒಂದು ಬದಲಿಸಿದ್ರೆ ಸಾಕು." ಅವನಿಗೆ ಅದೊಂದು ಪ್ರಶ್ನೆಯೇ ಅಲ್ಲ.

ಈಗ ಅಣ್ಣನ ಮಗನಿಗೂ ಅಂಥದ್ದೇ ಸೆಟ್ಟು ಬೇಕಂತೆ. ಪಟ್ಟಿ ಕಳಿಸಿದ್ದೇನೆ. ಕಾರ್ಡಿನ ಸಾಲು ಖಾಲಿ ಬಿಟ್ಟಿದ್ದೇನೆ, ಕೊಳ್ಳುವ ದಿನ ಬಜೆಟ್ಟಿನಲ್ಲಿ ಯಾವುದು ಸಿಗುತ್ತೋ ಅದನ್ನು ನೋಡಿ ತುಂಬಿಸಿಕೊಳ್ಳಲಿ. ಎಸ್‌ಎಂಪಿಎಸ್ ಸಾಲಿಗೆ ಮಾತ್ರ ಚೌಕಾಸಿ ಬೇಡ ಅಂತ ಕೆಂಪಿನಲ್ಲಿ ಬರೆದೆ. ಕೂಡಲೇ ಉತ್ತರ ಬಂತು: "ಅತ್ತೆ, ಇದರಲ್ಲಿ ಬಣ್ಣದ ಲೈಟಿರೋ ಫ್ಯಾನೇ ಇಲ್ವಲ್ಲ?" ಅದನ್ನ ನಿಮ್ಮಪ್ಪನ ಹತ್ರ ಕೇಳು ಅಂದಿದ್ದೇನೆ.