ಜಪಾನಿನ ಫೂಝೋಕು: ಬೋರ್ಡಿನ ಮೇಲಿನ ಹೆಸರು, ಒಳಗಿನ ಸಾಲದ ಲೆಕ್ಕ

ಜಪಾನಿನಲ್ಲಿ ವೇಶ್ಯಾವಾಟಿಕೆಗೆ ನಿಷೇಧ ಇದೆಯಾ ಅಂತ ಕೇಳಿದರೆ, ಇದೆ. ಹಾಗಿದ್ದರೆ ಟೋಕಿಯೋದ ಕಾಬುಕಿಚೋ, ಸಪ್ಪೊರೊದ ಸುಸುಕಿನೊ, ಫುಕುವೋಕಾದ ನಾಕಾಸುಗಳಲ್ಲಿ ಸಂಜೆಯಾದರೆ ದೀಪ ಹಚ್ಚಿಕೊಂಡು ಬಾಗಿಲು ತೆರೆಯುವ ಅಷ್ಟೊಂದು ‘ಫೂಝೋಕು’, ಅಂದರೆ ಲೈಂಗಿಕ ಸೇವೆಯ, ಅಂಗಡಿಗಳು ಯಾವ ಬಲದ ಮೇಲೆ ನಡೆಯುತ್ತಿವೆ? ಉತ್ತರ ಕಾನೂನಿನ ಒಂದೇ ಒಂದು ಪದದಲ್ಲಿದೆ. 1956ರಲ್ಲಿ ಪಾಸಾಗಿ 1958ರ ಏಪ್ರಿಲ್ 1ರಿಂದ ಪೂರ್ತಿ ಜಾರಿಗೆ ಬಂದ ವೇಶ್ಯಾವಾಟಿಕೆ ತಡೆ ಕಾಯ್ದೆ ನಿಷೇಧಿಸುವುದು, ನಿರ್ದಿಷ್ಟರಲ್ಲದ ವ್ಯಕ್ತಿಗಳ ಜೊತೆ ಹಣಕ್ಕಾಗಿ ನಡೆಸುವ ‘ಸಂಭೋಗ’ವನ್ನು ಮಾತ್ರ. ಆ ಪದದ ಆಚೆಗಿನದ್ದು ಈ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ. ಆ ಪದದ ಒಳಗಿನದ್ದಕ್ಕೂ, ವಯಸ್ಕರಿಬ್ಬರ ನಡುವೆ ನಡೆದರೆ, ಕೃತ್ಯಕ್ಕೆಂದು ಶಿಕ್ಷೆ ಇಲ್ಲ. ಶಿಕ್ಷೆ ಇರುವುದು ಬೀದಿಯಲ್ಲಿ ನಿಂತು ಕರೆಯುವುದಕ್ಕೆ, ದಲ್ಲಾಳಿತನಕ್ಕೆ, ಜಾಗ ಕೊಡುವುದಕ್ಕೆ, ಹೆಂಗಸರನ್ನು ಇಟ್ಟುಕೊಂಡು ವ್ಯಾಪಾರ ಮಾಡುವುದಕ್ಕೆ.

ಕರೆಯುವ ಅಪರಾಧವನ್ನೂ ಮಾರುವವರ ಕಡೆಯಿಂದಲೇ ಬರೆಯಲಾಗಿದೆ. ಕಾಬುಕಿಚೋ ಪಕ್ಕದ ಓಕುಬೊ ಪಾರ್ಕಿನ ಸುತ್ತ ಪೊಲೀಸರು ಕಾರ್ಯಾಚರಣೆ ಮಾಡಿದಾಗ ಬಂಧನವಾಗುವುದು ಅಲ್ಲಿ ನಿಂತ ಹುಡುಗಿಯರದ್ದು. ಬೆಲೆ ಕೇಳಲು ಬಂದ ಗಂಡಸಿಗೆ ಹಚ್ಚಲು ಆ ಸೆಕ್ಷನ್ನಿನಲ್ಲಿ ಏನೂ ಇಲ್ಲ. ಇದು ಅನ್ಯಾಯ ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಉಳಿದ ವ್ಯಾಪಾರವೆಲ್ಲ ನಡೆಯುವುದು ಇನ್ನೊಂದು ಕಾಯ್ದೆಯ ಅಡಿಯಲ್ಲಿ. ಹೆಸರು ಉದ್ದವಿದೆ, ಎಲ್ಲರೂ ‘ಫೂಯೇಹೋ’ ಅನ್ನುತ್ತಾರೆ. 1948ರಲ್ಲಿ ಬಂದು 1984ರಲ್ಲಿ ಭಾರಿ ತಿದ್ದುಪಡಿಯಾದ ಮನರಂಜನಾ ವ್ಯಾಪಾರ ನಿಯಂತ್ರಣ ಕಾಯ್ದೆ ಅದು. ಇಲ್ಲಿ ಎರಡು ದಾರಿಗಳಿವೆ. ಗಿರಾಕಿಯ ಪಕ್ಕ ಕೂತು ಮಾತಾಡಿಸುತ್ತಾ ಮದ್ಯ ಕೊಡುವ ಹೋಸ್ಟ್ ಕ್ಲಬ್, ಕ್ಯಾಬರೆ ಕ್ಲಬ್, ಪಚಿಂಕೊ ಎಂಬ ಯಂತ್ರದಾಟದ ಮನೆ ಮುಂತಾದವಕ್ಕೆ ಪರವಾನಗಿ ಬೇಕು. ಲೈಂಗಿಕ ಸೇವೆಯ ಅಂಗಡಿಗಳಿಗೆ ಪರವಾನಗಿಯೇ ಇಲ್ಲ, ಮಾಹಿತಿ ಸಲ್ಲಿಸಿದರೆ ಸಾಕು. ಕೇಳುವಾಗ ಎರಡನೆಯದು ಸಡಿಲ ಅನ್ನಿಸುತ್ತದೆ. ಆದರೆ ಪರವಾನಗಿ ಅಂದರೆ ‘ಇದು ಸರಿಯಾದ ವ್ಯಾಪಾರ’ ಅಂತ ಸರ್ಕಾರ ಮೊಹರು ಒತ್ತಿದಂತೆ. ಆ ಮೊಹರನ್ನು ಈ ಅಂಗಡಿಗಳಿಗೆ ಕೊಡಬಾರದು, ಆದರೆ ಎಲ್ಲೆಲ್ಲಿವೆ ಅಂತ ಪೊಲೀಸರಿಗೆ ಗೊತ್ತಿರಬೇಕು ಅನ್ನುವುದು ಈ ವ್ಯವಸ್ಥೆಯ ಹಿಂದಿನ ಯೋಚನೆ. ಮುಂದೆ ಬರುವ ಕೋರ್ಟಿನ ತೀರ್ಪಿಗೂ ಬೇರು ಇಲ್ಲೇ ಇದೆ.

ಅಂಗಡಿ ರೂಪದ ವ್ಯಾಪಾರಕ್ಕೆ ಜಾಗದ ನಿಯಮ ಬಹಳ ಬಿಗಿ. ಶಾಲೆ, ಗ್ರಂಥಾಲಯ, ಮಕ್ಕಳ ಕಲ್ಯಾಣ ಸಂಸ್ಥೆಗಳಿಂದ 200 ಮೀಟರ್ ಒಳಗೆ ತೆರೆಯುವಂತಿಲ್ಲ. ಅದರ ಮೇಲೆ ಪ್ರತಿ ಪ್ರಾಂತ್ಯದ ಸ್ವಂತ ನಿಷೇಧಿತ ಪ್ರದೇಶಗಳ ಪಟ್ಟಿ ಬೇರೆ. ಎರಡೂ ಸೇರಿ ಹೊಸ ಅಂಗಡಿ ಹಾಕುವುದು ಹೆಚ್ಚುಕಡಿಮೆ ಅಸಾಧ್ಯ. ನಿಯಮಕ್ಕಿಂತ ಮುಂಚೆಯೇ ಇದ್ದವು ‘ಹಳೆ ಹಕ್ಕಿ’ನ ಮೇಲೆ ಮುಂದುವರಿಯುತ್ತವೆ. ತೊಡಕು ಹುಟ್ಟುವುದು ಇಲ್ಲೇ. ಆ ಹಕ್ಕು ಆ ಕಟ್ಟಡಕ್ಕೇ ಅಂಟಿಕೊಂಡಿದೆ. ಕೆಡವಿ ಕಟ್ಟಿದರೆ, ದೊಡ್ಡದಾಗಿ ಬದಲಾಯಿಸಿದರೆ ಹಕ್ಕು ಹೋಯಿತು. ಹಾಗಾಗಿ ಮಾಲೀಕರು ದಶಕಗಳ ಹಿಂದಿನ ವೈರಿಂಗು, ಕಿರಿದಾದ ಮೆಟ್ಟಿಲು, ಕಿಟಕಿ ಮುಚ್ಚಿದ ಕೋಣೆಗಳನ್ನು ಹಾಗೆಯೇ ಉಳಿಸಿಕೊಂಡಿರುತ್ತಾರೆ. 2017ರ ಡಿಸೆಂಬರಿನಲ್ಲಿ ಸೈತಾಮಾದ ಓಮಿಯಾದಲ್ಲಿ ಇಂಥದ್ದೊಂದು ಹಳೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಗಿರಾಕಿಗಳೂ ಕೆಲಸಗಾರ್ತಿಯರೂ ಸೇರಿ 5 ಮಂದಿ ಸತ್ತರು. ಊರಿನ ಮರ್ಯಾದೆಗೆಂದು ಮಾಡಿದ ನಿಯಮ ಒಳಗೆ ಕೆಲಸ ಮಾಡುವವರ ಜೀವಕ್ಕೆ ಅಪಾಯ ತರುತ್ತದೆ ಅನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ಸಿಗದು.

ಇಂಥ ಅಂಗಡಿಗಳಲ್ಲಿ ಸ್ನಾನದ ನೆಪದಲ್ಲಿ ನಡೆಯುವ ಒಂದು ಬಗೆ ಸೋಪ್‌ಲ್ಯಾಂಡ್. ಆ ಹೆಸರಿನ ಕಥೆ ನೋಡಿ. 1984ರವರೆಗೆ ಇವುಗಳನ್ನು ‘ತೊರುಕೊ’, ಅಂದರೆ ಟರ್ಕಿ ಸ್ನಾನಗೃಹ, ಅನ್ನುತ್ತಿದ್ದರು. ತನ್ನ ದೇಶದ ಹೆಸರನ್ನು ಇದಕ್ಕೆ ಬಳಸಬೇಡಿ ಅಂತ ಟರ್ಕಿಯ ಯುವಕನೊಬ್ಬ ಹೋರಾಡಿದ ಮೇಲೆ ಉದ್ಯಮದವರು ಸಾರ್ವಜನಿಕರಿಂದ ಹೆಸರು ಆಹ್ವಾನಿಸಿ ಈಗಿನದ್ದನ್ನು ಆರಿಸಿದರು. ಕಾನೂನಿನ ಕಣ್ಣಿಗೆ ಇದು ಖಾಸಗಿ ಕೋಣೆಯ ಸ್ನಾನಗೃಹ. ಗಿರಾಕಿ ಎರಡು ಸಲ ಹಣ ಕೊಡುತ್ತಾನೆ. ಮುಂಭಾಗದ ಕೌಂಟರಿನಲ್ಲಿ ಕೊಡುವುದು ‘ಸ್ನಾನದ ಶುಲ್ಕ’, ಅಂಗಡಿಯ ಲೆಕ್ಕಕ್ಕೆ ಬರುವುದು ಅದೊಂದೇ. ‘ಸೇವಾ ಶುಲ್ಕ’ ಕೋಣೆಯೊಳಗೆ ಹೆಂಗಸಿನ ಕೈಗೆ ನೇರವಾಗಿ ಹೋಗುತ್ತದೆ. ಆಕೆ ಅಂಗಡಿಯ ನೌಕರಳಲ್ಲ, ಸ್ವತಂತ್ರ ವ್ಯವಹಾರಸ್ಥೆ. ಒಳಗೆ ನಡೆದದ್ದು ಇಬ್ಬರು ವಯಸ್ಕರ ಖಾಸಗಿ ವಿಷಯ, ತಮಗೆ ಗೊತ್ತೇ ಇಲ್ಲ ಅಂತ ಅಂಗಡಿಯವರು ಹೇಳಬಹುದು. ಈ ಎರಡು ಪಾವತಿಯ ಗೋಡೆಯನ್ನು ಪೊಲೀಸರು ಒಡೆದ ಪ್ರಕರಣಗಳೂ ಉಂಟು. ಆಗ ಹಚ್ಚುವುದು ಜಾಗ ಒದಗಿಸಿದ ಅಪರಾಧ.

ಒಸಾಕಾದ ತೊಬಿತಾ ಶಿಂಚಿಯಲ್ಲಿ ಇದೇ ಯುಕ್ತಿ ಊಟದ ಮನೆಯ ಹೆಸರಿನಲ್ಲಿ ನಡೆಯುತ್ತದೆ. ಅಲ್ಲಿನ ಮನೆಗಳು ‘ರ್ಯೋತೆಯಿ’, ದಾಖಲೆಯಲ್ಲಿ ರೆಸ್ಟೋರೆಂಟುಗಳು. ಗಿರಾಕಿಗೂ ಬಡಿಸುವವಳಿಗೂ ಅಲ್ಲೇ ಪ್ರೇಮ ಹುಟ್ಟಿತು ಅನ್ನುವುದು ಅವರ ವಾದ. 2019ರ ಜೂನ್‌ನಲ್ಲಿ ಜಿ20 ಶೃಂಗಸಭೆ ಒಸಾಕಾದಲ್ಲಿ ನಡೆದಾಗ ಇಡೀ ಬೀದಿ ಎರಡು ದಿನ ತಾನಾಗಿ ಬಾಗಿಲು ಹಾಕಿಕೊಂಡಿತು.

ಇತ್ತೀಚಿನ ದಶಕಗಳಲ್ಲಿ ಬೆಳೆದದ್ದು ಅಂಗಡಿಯಿಲ್ಲದ ವ್ಯಾಪಾರ, ‘ಡೆರಿಹೆರು’. ಹೋಟೆಲಿಗೋ ಮನೆಗೋ ಹೆಂಗಸರನ್ನು ಕಳಿಸುವ ಪದ್ಧತಿ ಇದು. 1998ರ ತಿದ್ದುಪಡಿ ಇದಕ್ಕೆ ಕಾನೂನಿನಲ್ಲಿ ಜಾಗ ಮಾಡಿಕೊಟ್ಟಿತು. ಶುರು ಮಾಡುವ 10 ದಿನ ಮುಂಚೆ ಪೊಲೀಸ್ ಠಾಣೆಗೆ ಮಾಹಿತಿ ಪತ್ರ ಕೊಡಬೇಕು. ಅದರ ಜೊತೆ ಕಚೇರಿಯ ನಕ್ಷೆಯೂ, ‘ಈ ಕೆಲಸಕ್ಕೆ ನನ್ನ ಕಟ್ಟಡ ಬಳಸಬಹುದು’ ಅಂತ ಕಟ್ಟಡದ ಮಾಲೀಕ ಬರೆದುಕೊಟ್ಟ ಒಪ್ಪಿಗೆಯೂ ಇರಬೇಕು. ಆ ಒಪ್ಪಿಗೆ ಪತ್ರ ಸಿಗುವುದೇ ಕಷ್ಟ. ಅಂಗಡಿ ಮುಚ್ಚಿಸಿ ಬೀದಿ ಸ್ವಚ್ಛ ಮಾಡಿದೆವು ಅಂತ ಪಟ್ಟಣಗಳು ಸಮಾಧಾನಪಟ್ಟವು. ಕೆಲಸ ಮಾಡುವವಳ ಮಟ್ಟಿಗೆ ಆದದ್ದು ಬೇರೆ. ಅಂಗಡಿಯಲ್ಲಾದರೆ ಗೋಡೆಯಾಚೆ ನಾಲ್ಕು ಜನರಿದ್ದರು, ಕೂಗಿದರೆ ಬರುತ್ತಿದ್ದರು. ಈಗ ಗುರುತಿಲ್ಲದ ಕೋಣೆಯಲ್ಲಿ ಒಬ್ಬಳೇ, ಕೆಳಗೆ ಕಾರಿನಲ್ಲಿ ಡ್ರೈವರ್.

ಇನ್ನು ಸಾಲದ ವಿಷಯ. ಈ ಲೋಕವನ್ನು ಅರ್ಥಮಾಡಿಕೊಳ್ಳಲು ಯಾವುದಾದರೂ ಒಂದೇ ಕಾಗದವನ್ನು ಓದಬೇಕು ಅಂದರೆ ನಾನು ಸಾಲದ ಪತ್ರವನ್ನೇ ಕೈಗೆ ಕೊಡುತ್ತೇನೆ.

ಎಡೋ, ಅಂದರೆ ಇಂದಿನ ಟೋಕಿಯೋ, ನಗರದ ಯೋಶಿವಾರಾ ಎಂಬ ವೇಶ್ಯಾಗೃಹಗಳ ಬಡಾವಣೆಗೆ ಶೋಗುನ್ (ಸೇನಾಧಿಪತಿ) ಆಡಳಿತ 1617ರಲ್ಲಿ ಅನುಮತಿ ಕೊಟ್ಟಿತು. 1657ರ ಮಹಾ ಬೆಂಕಿಯ ಕಾಲಕ್ಕೆ ಅದು ಅಸಾಕುಸಾದ ಹಿಂಭಾಗಕ್ಕೆ ಹೋಯಿತು. ಅಲ್ಲಿಗೆ ಹೆಣ್ಣುಮಕ್ಕಳು ಬರುತ್ತಿದ್ದದ್ದು ತಂದೆತಾಯಿ ತೆಗೆದುಕೊಂಡ ಮುಂಗಡದ ಮೇಲೆ. ಬಟ್ಟೆ, ಹಾಸಿಗೆ, ಕಾಯಿಲೆ ಬಿದ್ದ ದಿನಗಳ ಖರ್ಚು ಎಲ್ಲ ಅದೇ ಖಾತೆಗೆ ಸೇರುತ್ತಿತ್ತು. ನೇರ ಮಾತಿನಲ್ಲಿ ಹೇಳುವುದಾದರೆ ಜೀತ. 1872ರಲ್ಲಿ ಯೊಕೊಹಾಮಾಕ್ಕೆ ಬಂದ ‘ಮರಿಯಾ ಲೂಸ್’ ಎಂಬ ಪೆರು ದೇಶದ ಹಡಗಿನಿಂದ ಚೀನೀ ಕೂಲಿಗಳನ್ನು ಜಪಾನ್ ಬಿಡಿಸಿತು. ಆಗ ಹಡಗಿನ ಪರ ವಕೀಲ, ನಿಮ್ಮ ವೇಶ್ಯಾಗೃಹಗಳ ಕರಾರೂ ಗುಲಾಮಗಿರಿಯೇ ಅಲ್ಲವೇ ಅಂತ ಕೋರ್ಟಿನಲ್ಲಿ ಕೇಳಿದ. ಸರ್ಕಾರಕ್ಕೆ ಉತ್ತರವಿರಲಿಲ್ಲ. ಅದೇ ವರ್ಷ ಬಿಡುಗಡೆಯ ಆದೇಶ ಹೊರಟಿತು, ಸಾಲವೂ ಮನ್ನಾ ಆಯಿತು. ಮರುವರ್ಷವೇ ಮಾಲೀಕರು ‘ಬಾಡಿಗೆ ಕೋಣೆ’ ಕೊಡುವವರಾದರು, ಹೆಂಗಸರು ಸ್ವಂತ ಇಚ್ಛೆಯಿಂದ ಕೋಣೆ ಹಿಡಿದವರಾದರು, ಮುಂಗಡ ಮತ್ತೆ ಚಾಲ್ತಿಗೆ ಬಂತು. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು. ಇಂಥ ಮುಂಗಡದ ಕರಾರು ಪೂರ್ತಿ ಅಸಿಂಧು, ಕೊಟ್ಟ ಹಣವನ್ನೂ ವಾಪಸು ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1955ರ ಅಕ್ಟೋಬರಿನಲ್ಲಿ.

ಈಗ ಅದೇ ಸಾಲ ಹೋಸ್ಟ್ ಕ್ಲಬ್ಬಿನಲ್ಲಿದೆ. ಗಂಡಸರು ಹೆಂಗಸರಿಗೆ ಮದ್ಯ ಸುರಿದು ಮಾತಾಡಿಸುವ ಜಾಗ ಅದು. ಮೊದಲ ಭೇಟಿ ಬಹಳ ಅಗ್ಗ, ಹಲವು ಹೋಸ್ಟ್‌ಗಳು ಸರದಿಯಲ್ಲಿ ಬಂದು ಕೂರುತ್ತಾರೆ. ಎರಡನೆಯ ಸಲ ಒಬ್ಬನನ್ನು ಆರಿಸಬೇಕು. ಆರಿಸಿದ ಮೇಲೆ ಆ ಕ್ಲಬ್ಬಿನಲ್ಲಿ ಬದಲಾಯಿಸುವಂತಿಲ್ಲ. ಅವನ ಹುಟ್ಟುಹಬ್ಬ ಬಂತು ಅಂದರೆ ಗಾಜಿನ ಲೋಟಗಳನ್ನು ಗೋಪುರದಂತೆ ಜೋಡಿಸಿ ಮೇಲಿನಿಂದ ಶಾಂಪೇನ್ ಸುರಿಯುತ್ತಾರೆ, ಅದರ ಬಿಲ್ಲು ಲಕ್ಷಗಟ್ಟಲೆ ಯೆನ್. ಮೆನುವಿನ ಬೆಲೆಯ ಮೇಲೆ ಸೇವಾ ಶುಲ್ಕ, ತೆರಿಗೆ ಅಂತ ಮೂರನೇ ಒಂದು ಪಾಲಿನಷ್ಟು ಏರುವುದೂ ಸಾಮಾನ್ಯ. ಕೈಯಲ್ಲಿ ಹಣವಿಲ್ಲದಿದ್ದರೆ ‘ಉರಿಕಾಕೆ’, ಅಂದರೆ ಉದ್ರಿ. ಉದ್ರಿಯ ಹೊಣೆ ಹೋಸ್ಟ್‌ನ ತಲೆಯ ಮೇಲೆ. ಗಡುವಿನೊಳಗೆ ಅವಳು ಕಟ್ಟದಿದ್ದರೆ ಅವನ ಗಳಿಕೆಯಿಂದ ಮುರಿದುಕೊಳ್ಳುತ್ತಾರೆ. ಆದ್ದರಿಂದ ಕ್ಲಬ್ ಕೈ ಕೊಡವಿಕೊಂಡು ಕೂರುತ್ತದೆ, ವಸೂಲಿ ಪ್ರೀತಿಯ ಹೆಸರಿನಲ್ಲಿ ನಡೆಯುತ್ತದೆ. ‘ನನ್ನನ್ನು ಉಳಿಸು’ ಅನ್ನುತ್ತಾನೆ. ಇಷ್ಟರಲ್ಲಿ ‘ಸ್ಕೌಟ್’ ಎಂಬ ದಲ್ಲಾಳಿ ಬರುತ್ತಾನೆ, ಫೂಝೋಕು ಅಂಗಡಿ ತೋರಿಸುತ್ತಾನೆ. ಅವಳು ಅಲ್ಲಿ ದುಡಿಯುವಷ್ಟು ಕಾಲ ಅಂಗಡಿ ಆ ದುಡಿಮೆಯ ಒಂದು ಪಾಲನ್ನು ಸ್ಕೌಟ್‌ಗೆ ಕಟ್ಟುತ್ತಿತ್ತು.

2025ರ ಜೂನ್ 28ರಂದು ಜಾರಿಗೆ ಬಂದ ಫೂಯೇಹೋ ತಿದ್ದುಪಡಿ ಕೈ ಹಾಕಿದ್ದು ಈ ಸರಪಳಿಯ ಒಂದೊಂದು ಕೊಂಡಿಗೆ. ಗಿರಾಕಿಯ ಪ್ರೇಮಭಾವನೆಯನ್ನು ಬಳಸಿ ಆರ್ಡರ್ ಮಾಡಿಸುವುದು, ಬೆಲೆಯ ಬಗ್ಗೆ ಸುಳ್ಳು ಹೇಳುವುದು ನಿಷಿದ್ಧ. ಸಾಲ ತೀರಿಸಲು ಮೈಮಾರು ಅಂತ ಒತ್ತಾಯಿಸಿದರೆ ಶಿಕ್ಷೆ. ಸ್ಕೌಟ್‌ಗೆ ಅಂಗಡಿ ಕೊಡುತ್ತಿದ್ದ ಪಾಲು ಕಾನೂನುಬಾಹಿರ. ಪರವಾನಗಿಯಿಲ್ಲದೆ ಕ್ಲಬ್ ನಡೆಸಿದರೆ ವ್ಯಕ್ತಿಗೆ 5 ವರ್ಷದವರೆಗೆ ಸೆರೆ, 1 ಕೋಟಿ ಯೆನ್‌ವರೆಗೆ ದಂಡ. ಕಂಪನಿಗೆ 30 ಕೋಟಿ ಯೆನ್‌ವರೆಗೆ. ಜಾಹೀರಾತಿನಲ್ಲಿ ‘ವರ್ಷಕ್ಕೆ ಇಷ್ಟು ಕೋಟಿ ವ್ಯಾಪಾರ’, ‘ನಂಬರ್ 1’ ಅನ್ನುವ ಮಾತುಗಳಿಗೂ ಪೊಲೀಸರು ತಡೆ ಹಾಕಿದರು. ಕಾಬುಕಿಚೋದ ಬೃಹತ್ ಫಲಕಗಳಲ್ಲಿ ಹೋಸ್ಟ್‌ಗಳ ಮುಖ ಹಾಗೇ ಉಳಿದು, ಪಕ್ಕದ ಅಂಕಿಗಳ ಮೇಲೆ ಟೇಪು ಬಿತ್ತು. ಆದರೆ ಒಂದು ಕಂಡಿ ಹಾಗೇ ಇದೆ: ಉದ್ರಿಯನ್ನೇ ಕಾನೂನು ನಿಷೇಧಿಸಿಲ್ಲ. ಬೇರೆ ಕಡೆ ಸಾಲ ಮಾಡಿಸಿ ಇಲ್ಲಿ ನಗದು ಕಟ್ಟಿಸಿಕೊಂಡರೂ ಹೊರೆ ಬೀಳುವುದು ಅದೇ ಹೆಗಲ ಮೇಲೆ.

ಎವಿ, ಅಂದರೆ ವಯಸ್ಕರ ವಿಡಿಯೋ ಉದ್ಯಮದಲ್ಲಿ ಸಾಲದ ಜಾಗದಲ್ಲಿ ‘ಪರಿಹಾರ’ ಇತ್ತು. ಮಾಡೆಲಿಂಗ್ ಅಂತ ಕರೆಸಿ, ಹಲವು ವಿಡಿಯೋಗಳಿಗೆ ಒಟ್ಟಿಗೆ ಸಹಿ ಹಾಕಿಸಿ, ಆಮೇಲೆ ಒಲ್ಲೆ ಅಂದರೆ ನಷ್ಟ ಕಟ್ಟು ಅನ್ನುವುದು. 2015ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ, ನಟಿಸಲು ನಿರಾಕರಿಸಿದ ಯುವತಿಯಿಂದ 2 ಕೋಟಿ 46 ಲಕ್ಷ ಯೆನ್ ಕೇಳಿದ್ದ ದಾವೆಯನ್ನು ವಜಾ ಮಾಡಿತು. ಅಲ್ಲಿಂದ ದೊಡ್ಡ ಚರ್ಚೆ ಎದ್ದಿತು. 2022ರ ಏಪ್ರಿಲ್‌ನಲ್ಲಿ ಪ್ರೌಢ ವಯಸ್ಸು 20ರಿಂದ 18ಕ್ಕೆ ಇಳಿದಾಗ, 18-19ರ ಮಕ್ಕಳು ಮಾಡಿದ ಕರಾರನ್ನು ಅಪ್ರಾಪ್ತರೆಂದು ರದ್ದು ಮಾಡುವ ಹಕ್ಕು ಹೋಯಿತು. ಆ ಆತಂಕದಲ್ಲಿ ಜೂನ್ 23ಕ್ಕೆ ಹೊಸ ಕಾಯ್ದೆಯೇ ಜಾರಿಯಾಯಿತು, ಎಲ್ಲ ವಯಸ್ಸಿನವರಿಗೂ ಅನ್ವಯಿಸುವಂತೆ.

ದಿನಾಂಕ ಹಾಕಿ ನೋಡಿದರೆ ಸುಲಭ. ಕರಾರು ಪತ್ರ ಏಪ್ರಿಲ್ 1ಕ್ಕೆ ಕೈಗೆ ಬಂತು ಅನ್ನಿ. ಒಂದೊಂದು ವಿಡಿಯೋಗೂ ಬೇರೆ ಪತ್ರ, ಏನೇನು ಮಾಡಬೇಕು ಅನ್ನುವುದು ಬರವಣಿಗೆಯಲ್ಲಿ. ಒಂದು ತಿಂಗಳು ಕ್ಯಾಮೆರಾ ಮುಟ್ಟುವಂತಿಲ್ಲ. ಚಿತ್ರೀಕರಣ ಮೇ 10ಕ್ಕೆ ಮುಗಿದರೆ, ಅಲ್ಲಿಂದ 4 ತಿಂಗಳು ಬಿಡುಗಡೆ ಮಾಡುವಂತಿಲ್ಲ. ಅದಕ್ಕೆ ಮುಂಚೆ ಅವಳಿಗೆ ತೋರಿಸಲೇಬೇಕು. ಸೆಪ್ಟೆಂಬರ್ ಮಧ್ಯದಲ್ಲಿ ಬಿಡುಗಡೆಯಾದರೆ ಮುಂದಿನ ಸೆಪ್ಟೆಂಬರ್ ಮಧ್ಯದವರೆಗೆ, ಅಂದರೆ ಒಂದು ವರ್ಷ, ಕಾರಣ ಕೊಡದೆ ರದ್ದು ಮಾಡಬಹುದು. ನಷ್ಟ ಪರಿಹಾರ ಕೇಳುವಂತಿಲ್ಲ, ಪಡೆದ ಸಂಭಾವನೆಯನ್ನು ಮಾತ್ರ ಹಿಂದಿರುಗಿಸಬೇಕಾಗುತ್ತದೆ. ರದ್ದು ಮಾಡದಂತೆ ಸುಳ್ಳು ಹೇಳಿದರೆ, ಬೆದರಿಸಿದರೆ 3 ವರ್ಷದವರೆಗೆ ಸೆರೆ ಅಥವಾ 30 ಲಕ್ಷ ಯೆನ್‌ವರೆಗೆ ದಂಡ.

ಈ ಕೆಲಸವನ್ನು ಇಷ್ಟಪಟ್ಟು ಮಾಡುವ ಕಲಾವಿದೆಯರ ದೂರನ್ನೂ ಕೇಳಬೇಕು. ಒಬ್ಬಳಿಗೆ ಜ್ವರ ಬಂದರೆ ಮರುದಿನ ಇನ್ನೊಬ್ಬಳನ್ನು ಕರೆಯುವಂತಿಲ್ಲ, ತಿಂಗಳ ಕಾಯುವಿಕೆ ಅಡ್ಡ ಬರುತ್ತದೆ. ಕೆಲಸ ಕಡಿಮೆಯಾಯಿತು, ತಮ್ಮನ್ನು ಕೇಳದೆಯೇ ಕಾನೂನು ಮಾಡಿದರು ಅಂತ ಅವರು ಬಹಿರಂಗವಾಗಿ ಹೇಳಿದ್ದಾರೆ. ನ್ಯಾಯವಾದ ಮಾತು. ಆದರೂ ಆ ಒಂದು ತಿಂಗಳನ್ನು ತೆಗೆದುಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಹೆದರಿದ ಹುಡುಗಿ ಯಾರನ್ನಾದರೂ ಕೇಳುವುದಕ್ಕೆ ಸಿಗುವ ಸಮಯ ಅಷ್ಟೇ.

ಈ ವಿಡಿಯೋಗಳಲ್ಲಿ ಗುಪ್ತಾಂಗವನ್ನು ಮಸುಕು ಮಾಡುವ ಮೊಸಾಯಿಕ್ ಬಗ್ಗೆ ಎಲ್ಲರಿಗೂ ಕುತೂಹಲ. ವಿಷಯ ಚಿಕ್ಕದು: 1907ರ ದಂಡ ಸಂಹಿತೆಯ 175ನೇ ಸೆಕ್ಷನ್ ಅಶ್ಲೀಲ ವಸ್ತುಗಳ ಹಂಚಿಕೆಗೆ 2 ವರ್ಷದವರೆಗೆ ಸೆರೆ ಹೇಳುತ್ತದೆ. ಗುಪ್ತಾಂಗ ಮಸುಕಾದರೆ ಅಶ್ಲೀಲವಲ್ಲ ಅನ್ನುವುದು ರೂಢಿಯಲ್ಲಿ ಬೆಳೆದ ಗೆರೆ. ಎಷ್ಟು ಮಸುಕು ಅಂತ ಕಾಯ್ದೆಯಲ್ಲಿ ಬರೆದಿಲ್ಲ, ಹಾಗಾಗಿ ಪೊಲೀಸರು ಯಾವಾಗ ಬರುತ್ತಾರೆಂದು ಹೇಳಲಾಗದು. 2007ರಲ್ಲಿ ವಿಡಿಯೋಗಳನ್ನು ಪರಿಶೀಲಿಸಿ ಮುದ್ರೆ ಒತ್ತುತ್ತಿದ್ದ ಸಂಸ್ಥೆಯ ಮೇಲೆಯೇ ದಾಳಿಯಾಯಿತು.

ಸಮಾಜದಲ್ಲಿ ಇದರ ಜಾಗ ಎಲ್ಲಿ ಅನ್ನುವುದು ತಿಳಿಯುವುದು ಹಣದ ಕಷ್ಟ ಬಂದಾಗ. 2020ರಲ್ಲಿ ಕೊರೊನಾ ಬಂತು. ಶಾಲೆ ಮುಚ್ಚಿ ಮಕ್ಕಳು ಮನೆಯಲ್ಲಿ ಉಳಿದ ಪೋಷಕರಿಗೆ ಕೊಟ್ಟ ನೆರವಿನಿಂದ ಫೂಝೋಕು ಕೆಲಸಗಾರರನ್ನು ಮೊದಲು ಹೊರಗಿಟ್ಟು, ಟೀಕೆ ಬಂದ ಮೇಲೆ ಏಪ್ರಿಲ್‌ನಲ್ಲಿ ಸೇರಿಸಿದರು. ಅಂಗಡಿಗಳಿಗೆ ಕೊಡುವ ನೆರವಿನಿಂದ ಮಾತ್ರ ಫೂಝೋಕು ಅಂಗಡಿಗಳು ಹೊರಗೇ ಉಳಿದವು. ತೆರಿಗೆ ಕಟ್ಟುತ್ತಿದ್ದ, ಮಾಹಿತಿ ಸಲ್ಲಿಸಿ ನಿಯಮದಂತೆ ನಡೆಯುತ್ತಿದ್ದ ಒಂದು ಡೆರಿಹೆರು ಕಂಪನಿ ಕೋರ್ಟಿಗೆ ಹೋಯಿತು. 2025ರ ಜೂನ್ 16ರಂದು ಸುಪ್ರೀಂ ಕೋರ್ಟ್ ಹೊರಗಿಟ್ಟದ್ದು ಸಂವಿಧಾನಬದ್ಧ ಅಂದಿತು. ಐವರಲ್ಲಿ ಒಬ್ಬ ನ್ಯಾಯಮೂರ್ತಿ, ಮಿಯಾಗಾವಾ ಮಿತ್ಸುಕೊ, ಇದು ಸಮಾನತೆಗೆ ವಿರುದ್ಧ ಅಂತ ಭಿನ್ನಮತ ಬರೆದರು.

ಕೆಲಸಗಾರ್ತಿಗೆ ಇವೆಲ್ಲ ತಟ್ಟುವುದು ಬಾಡಿಗೆ ಮನೆ ಹುಡುಕುವಾಗ. ಸಂಬಳದ ಚೀಟಿ ಕೇಳುತ್ತಾರೆ, ಅವಳ ಬಳಿ ಇಲ್ಲ. ದಿನದ ದುಡಿಮೆ ಆ ದಿನವೇ ಕೈಗೆ ಬಂದ ನಗದು. ಅದಕ್ಕೆಂದೇ ‘ಅಲಿಬಾಯ್ ಕಂಪನಿ’ಗಳಿವೆ. ಶುಲ್ಕ ಕಟ್ಟಿದರೆ ಅವಳು ತಮ್ಮ ನೌಕರಳು ಅಂತ ಕಾಗದ ಮಾಡಿಕೊಡುತ್ತವೆ, ಮನೆ ಮಾಲೀಕ ಫೋನ್ ಮಾಡಿದರೆ ‘ಹೌದು, ಈಗ ಹೊರಗೆ ಹೋಗಿದ್ದಾರೆ’ ಅನ್ನುತ್ತವೆ. ಸಿಕ್ಕಿಬಿದ್ದರೆ ಸುಳ್ಳು ದಾಖಲೆ ಕೊಟ್ಟವಳೆಂದು ಮನೆ ಬಿಡಬೇಕಾಗುವುದು ಅವಳೇ.