ವಿದುರಾಶ್ವತ್ಥದಲ್ಲಿ ಒಂದು ಲಾಠಿ ಜಗಳ

ನಮ್ಮ ಮನೆಯಲ್ಲಿ ಪೊಲೀಸರ ವಿಷಯ ಎತ್ತಿದರೆ ಜಗಳ ಗ್ಯಾರಂಟಿ. ಚಿಕ್ಕಪ್ಪ ಎಎಸ್‌ಐ ಆಗಿ ರಿಟೈರ್ ಆದವರು. ಭಾವ ಶಿಡ್ಲಘಟ್ಟ ಕಡೆಯ ರೈತರು, ಒಮ್ಮೆ ಲಾಠಿ ಏಟು ತಿಂದವರು. ಅವರ ಮಗಳು ಈಗ ಎಲ್‌ಎಲ್‌ಬಿ ಓದುತ್ತಿದ್ದಾಳೆ, ಹಾಗಾಗಿ ಯಾರನ್ನೂ ಬಿಡುವುದಿಲ್ಲ. ಈ ಮೂವರನ್ನು ಒಂದೇ ಕಾರಿನಲ್ಲಿ ಕೂರಿಸಬಾರದು ಅಂತ ಹೇಳುತ್ತಿದ್ದವಳು ಅಕ್ಕನೇ. ಕೊನೆಗೆ ತನ್ನದೇ ಹರಕೆ ಇದೆ, ನಾಗರಕಲ್ಲಿಗೆ ಹಾಲೆರೆಯಬೇಕು ಅಂತ ಎಲ್ಲರನ್ನೂ ಒಂದೇ ಕಾರಿಗೆ ತುಂಬಿಕೊಂಡು ವಿದುರಾಶ್ವತ್ಥಕ್ಕೆ ಹೊರಡಿಸಿದವಳೂ ಅವಳೇ.

ಗೌರಿಬಿದನೂರು ದಾಟಿ ಹಿಂದೂಪುರದ ದಾರಿಯಲ್ಲಿ ಸ್ವಲ್ಪ ಹೋದರೆ ವಿದುರಾಶ್ವತ್ಥ. ಪೂಜೆ ಬೇಗ ಮುಗಿಯಿತು. ಅರಿಶಿನ ಕುಂಕುಮ ಮೆತ್ತಿಕೊಂಡ ನಾಗರಕಲ್ಲುಗಳ ಸಾಲಿನಲ್ಲಿ ಅಕ್ಕ ಇನ್ನೂ ಸುತ್ತು ಹಾಕುತ್ತಿದ್ದಳು. ನಾವು ಸುಮ್ನೆ ಕೂರುವುದೇಕೆ ಅಂತ ಅಲ್ಲಿನ ಹುತಾತ್ಮರ ಸ್ಮಾರಕ ವೀರಸೌಧದ ಕಡೆ ನಡೆದೆವು.

ನಮ್ಮ ಮುಂದೆ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. "ಬ್ರಿಟಿಷ್ ಪೊಲೀಸರು ಇಲ್ಲಿ ಜನರಿಗೆ ಗುಂಡು ಹೊಡೆದ್ರು ಕಣೋ" ಅಂತ ಹೇಳಿಕೊಡುತ್ತಿದ್ದರು. ನಮ್ಮ ಹುಡುಗಿಗೆ ಅಷ್ಟು ಸಾಕಾಯ್ತು. "ಬ್ರಿಟಿಷರಲ್ಲ ಅಂಕಲ್, ಮೈಸೂರು ಸಂಸ್ಥಾನದ ಪೊಲೀಸರು. ನಮ್ಮವರೇ" ಅಂದಳು.

ಅವಳು ಹೇಳಿದ್ದು ಸರಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಧ್ವಜ ಸತ್ಯಾಗ್ರಹ ಶುರು ಮಾಡಿದರು. ಅದೇ ತಿಂಗಳು 25ಕ್ಕೆ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಸಭೆ ಮಾಡಬಾರದು ಅಂತ ನಿಷೇಧಾಜ್ಞೆ ಇತ್ತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 30ಕ್ಕೂ ಜಾಸ್ತಿ ಅಂತ ಜನ ಹೇಳುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ತ್ರಿವರ್ಣವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯ್ತು. ಅಷ್ಟು ಜನ ಸತ್ತ ಮೇಲೆ ಕೂತು ಮಾತಾಡಿ ಒಪ್ಪಿಕೊಂಡಿದ್ದನ್ನು ಸಾಯುವ ಮುಂಚೆಯೇ ಒಪ್ಪಿಕೊಳ್ಳಬಹುದಿತ್ತು, ಅಲ್ವಾ?

ಚಿಕ್ಕಪ್ಪ ಕನ್ನಡಕ ಸರಿ ಮಾಡಿಕೊಂಡು ಅಲ್ಲಿ ಬರೆದಿದ್ದನ್ನು ಬಹಳ ಹೊತ್ತು ಓದಿದರು. ಆಮೇಲೆ, "ನಿಷೇಧಾಜ್ಞೆ ಇತ್ತಲ್ವಾ? ಸಾವಿರಾರು ಜನ, ಇವರು ಹತ್ತಿಪ್ಪತ್ತು ಜನ. ಕಲ್ಲು ಬಿದ್ದರೆ ಏನು ಮಾಡ್ತಾರೆ?" ಅಂದರು. ಭಾವ ಅಲ್ಲೇ ನಿಂತುಬಿಟ್ಟರು. "ಮಾವ, ಎಲ್ಲಿ ನಿಂತುಕೊಂಡು ಏನು ಮಾತಾಡ್ತಿದೀರ ಅಂತ ನೋಡಿಕೊಳ್ಳಿ."

ಚಿಕ್ಕಪ್ಪನ ಪರವಾಗಿ ಒಂದು ಮಾತು ಹೇಳಲೇಬೇಕು. ಬಂದೋಬಸ್ತ್ ಅಂದರೆ ಏನು ಅಂತ ಅವರ ಬಾಯಲ್ಲೇ ಕೇಳಬೇಕು. ಬೆಳಗಿನ ಜಾವ ಐದಕ್ಕೆ ನಿಲ್ಲಿಸಿದರೆ ಮಧ್ಯಾಹ್ನ ಪೊಟ್ಟಣದ ಚಿತ್ರಾನ್ನ ಬರುತ್ತದೆ, ಅದೂ ಹಳಸಿದ್ದರೆ ಹಳಸಿದ್ದೇ. ಹೆಣ್ಣು ಪೇದೆಗಳಿಗೆ ಮೂತ್ರಕ್ಕೆ ಹೋಗಲೂ ಜಾಗ ಇರುವುದಿಲ್ಲ. ಮೇಲಿನವರು ವೈರ್‌ಲೆಸ್‌ನಲ್ಲಿ ಬೈಯುತ್ತಾರೆ, ಕೆಳಗಿನವರು ಎದುರಿಗೆ ಬೈಯುತ್ತಾರೆ. ಆ ಸಿಟ್ಟೆಲ್ಲ ಕೊನೆಗೆ ಕೈಗೆ ಬರುತ್ತದೆ. "ಕೈಗೆ ಬಂದಿದ್ದು ಯಾರದೋ ಕಾಲಿಗೆ ಹೋಗುತ್ತೆ" ಅಂತ ಅವರೇ ಹೇಳುತ್ತಾರೆ.

ಭಾವನಿಗೆ ಹೋಗಿದ್ದು ಮೊಣಕೈಗೆ. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿ ಬೇಕು ಅಂತ ಕೋಲಾರ, ಚಿಕ್ಕಬಳ್ಳಾಪುರದ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟಿದ್ದು ನೆನಪಿರಬಹುದು. ಆಗ ನಮ್ಮ ಕಡೆ ಸಾವಿರದಿನ್ನೂರು, ಸಾವಿರದೈನೂರು ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಧೂಳು ಏಳುತ್ತಿತ್ತು, ನೀರು ಸಿಕ್ಕರೆ ಅದರಲ್ಲಿ ಫ್ಲೋರೈಡ್. ದಾರಿಯಲ್ಲಿ ತಡೆದು ಲಾಠಿ ಬೀಸಿದರು. ಭಾವ ತಲೆಗೆ ಅಡ್ಡ ಕೈ ಇಟ್ಟರು, ಏಟು ಮೊಣಕೈಗೆ ಬಿತ್ತು. ಇವತ್ತಿಗೂ ಆ ಕೈಯನ್ನು ಪೂರ್ತಿ ನೆಟ್ಟಗೆ ಮಾಡಲು ಆಗುವುದಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತುವಾಗ ಎಡಗೈಯನ್ನೇ ಮುಂದೆ ಮಾಡುತ್ತಾರೆ. ಎರಡು ವರ್ಷಕ್ಕೆ, 2018ರಲ್ಲಿ, ಕೆ.ಸಿ. ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬಂತು. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿದ್ದು, ಇರಲಿ.

ಇಷ್ಟು ಅನುಭವಿಸಿದವರು ಪೊಲೀಸ್ ದೌರ್ಜನ್ಯದ ವಿರುದ್ಧ ಇರಬೇಕಲ್ವಾ? ಅದೇ ವಿಚಿತ್ರ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಹತ್ತಿರ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಬೆಳಗಿನ ಜಾವ ಗುಂಡಿಟ್ಟು ಕೊಂದರು. ಅವತ್ತು ಊರಿನ ಸರ್ಕಲ್‌ನಲ್ಲಿ ಪಟಾಕಿ ಹೊಡೆಸಿದವರು ಇದೇ ಭಾವ. ಆ ಕಮಿಷನರ್ ನಮ್ಮ ಹುಬ್ಬಳ್ಳಿ ಕಡೆಯವರು ಅನ್ನುವ ಹೆಮ್ಮೆ ಬೇರೆ. ಮಗಳು ಅದನ್ನೇ ಎತ್ತಿದಳು. "ಅಪ್ಪ, ನಿಮಗೆ ಹೊಡೆದಿದ್ದು ತಪ್ಪು, ಅವರನ್ನ ಕೊಂದಿದ್ದು ಸರಿನಾ? ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ಏನು ಹೇಳಿತು? ಕೊಲ್ಲಬೇಕು ಅಂತಲೇ ಗುಂಡು ಹಾರಿಸಿದ್ದಾರೆ, ಹತ್ತು ಪೊಲೀಸರ ಮೇಲೆ ಕೊಲೆ ಕೇಸ್ ನಡೆಸಿ ಅಂತ."

"ನಾನು ನೀರು ಕೇಳಿದ್ದು. ಅವರು ಮಾಡಿದ್ದು ಏನು?" ಅಂದರು ಭಾವ. ಅಲ್ಲಿಗೆ ಚಿಕ್ಕಪ್ಪ ಮತ್ತು ಭಾವ ಮೊದಲ ಸಲ ಒಂದೇ ಕಡೆ ಆದರು. ಕೋರ್ಟಿಗೆ ಹೋದರೆ ಹತ್ತು ವರ್ಷ, ಆಮೇಲೆ ಬಿಡುಗಡೆ, ಅದಕ್ಕೇ ಸ್ಟೇಷನ್ನಿನಲ್ಲೇ ನಾಲ್ಕು ಬಿಗಿಯಬೇಕು ಅಂತ ಇಬ್ಬರದೂ ಒಂದೇ ರಾಗ.

ಅಲ್ಲಿಂದ ಎದ್ದು ಮರದ ಕೆಳಗೆ ಪುಳಿಯೋಗರೆ ಬಿಚ್ಚಿದೆವು. ಜಗಳವೂ ಜೊತೆಗೆ ಬಂತು. ಪೊಲೀಸರ ಮುಂದೆ ಒಪ್ಪಿಕೊಂಡರೆ ಅದು ಸಾಕ್ಷಿ ಆಗಲ್ಲ, ಮತ್ತೆ ಹೊಡೆಯುವುದು ಯಾಕೆ ಅಂತ ನಾನು ಕೇಳಿದೆ. ಚಿಕ್ಕಪ್ಪ ಒಂದೇ ಮಾತು ಹೇಳಿದರು, "ರಿಕವರಿ." ತಪ್ಪೊಪ್ಪಿಗೆಗೆ ಬೆಲೆ ಇಲ್ಲ, ಆದರೆ ಆರೋಪಿ ತೋರಿಸಿದ ಜಾಗದಲ್ಲಿ ಮಾಲು ಸಿಕ್ಕರೆ, ಅಷ್ಟು ಮಾತಿಗೆ ಬೆಲೆ ಇದೆ. ಹಳೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಹೊಸ ಕಾಯ್ದೆಯಲ್ಲೂ ಉಳಿದಿದೆ. ಸರ ಕದ್ದವನು ಸರ ಎಲ್ಲಿಟ್ಟ ಅಂತ ಹೇಳಬೇಕು, ಅದೂ 24 ಗಂಟೆಯಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಮೊದಲು ಹೇಳಿದರೆ ಒಳ್ಳೆಯದು. ಮೇಲಿಂದ "ಡಿಟೆಕ್ಷನ್ ಎಷ್ಟಾಯ್ತು" ಅಂತ ಕೇಳುತ್ತಲೇ ಇರುತ್ತಾರೆ. ಇದನ್ನು ಅವರು ಅಡುಗೆ ಹೇಳಿಕೊಟ್ಟಷ್ಟು ಆರಾಮಾಗಿ ಹೇಳಿದರು. ನನಗೆ ಪುಳಿಯೋಗರೆ ಇಳಿಯಲಿಲ್ಲ.

"ಸುಪ್ರೀಂ ಕೋರ್ಟಿನ ಡಿ.ಕೆ. ಬಸು ಕೇಸ್ ಇದೆಯಲ್ಲ ತಾತ, 1996ರದ್ದು? ಹಿಡಿದಾಗ ಮೆಮೊ ಬರೆಯಬೇಕು, ಸಾಕ್ಷಿ ಸಹಿ ಹಾಕಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ಡಾಕ್ಟರ್ ನೋಡಬೇಕು."

"ಗೊತ್ತು ಕಣಮ್ಮ. ನಮ್ಮ ಸ್ಟೇಷನ್‌ನಲ್ಲಿ ಆ ಬೋರ್ಡ್ ಬರೆಸಿದ್ದೇ ನಾನು. ಪೇಂಟರ್‌ಗೆ ದುಡ್ಡು ಕೊಟ್ಟಿದ್ದೂ ನನ್ನ ಜೇಬಿಂದ."

ಎಲ್ಲರೂ ನಕ್ಕೆವು, ಅವರೂ ನಕ್ಕರು.

ಆದರೆ "ಕೋರ್ಟ್ ಬಿಟ್ಟುಬಿಡುತ್ತೆ, ಅದಕ್ಕೇ ಲಾಠಿ" ಅನ್ನುವ ವಾದ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯಲ್ಲಿ ಕೂಡಿಹಾಕಿ ಸುಟ್ಟರು. ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳಿಗೆ ಧೈರ್ಯ ಕೊಟ್ಟು ಕಾಯುವ ಕೆಲಸ ಅಲ್ಲಿ ಬೇಕಿತ್ತು. ಆ ಕೆಲಸಕ್ಕೆ ಲಾಠಿ ಬೇಕಾಗಿರಲಿಲ್ಲ.

ಇನ್ನೊಂದು ಕಡೆ ನೋಡಿ. 2020ರ ಡಿಸೆಂಬರ್ 12ಕ್ಕೆ ಕೋಲಾರದ ಹತ್ತಿರ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಬಂದಿಲ್ಲ ಅಂತ ಕಾರ್ಮಿಕರು ಗಾಜು ಒಡೆದರು, ವಾಹನ ಸುಟ್ಟರು. ಗಾಜು ಒಡೆದಿದ್ದು ತಪ್ಪೇ. ನೂರಕ್ಕೂ ಹೆಚ್ಚು ಜನರನ್ನು ಕೆಲವೇ ದಿನದಲ್ಲಿ ಹಿಡಿದರು. ಸಂಬಳದಲ್ಲಿ ಎಡವಟ್ಟಾಗಿದ್ದು ನಿಜ ಅಂತ ಆಮೇಲೆ ಕಂಪನಿಯೇ ಕ್ಷಮೆ ಕೇಳಿತು. ಆಗ ಕೋಲಾರದ ಟೀ ಅಂಗಡಿಗಳಲ್ಲೂ ಎರಡು ಪಕ್ಷ ಇತ್ತು. ಕಂಪನಿ ಓಡಿಹೋದರೆ ಕೆಲಸ ಯಾರು ಕೊಡ್ತಾರೆ ಅನ್ನುವವರೇ ಜಾಸ್ತಿ.

ಹೋಲಿಸಿ ನೋಡಿದರೆ ವ್ಯತ್ಯಾಸ ತಪ್ಪಿನದ್ದಲ್ಲ, ಆಳಿನದ್ದು. ಅದಕ್ಕೇ ಚಿಕ್ಕಪ್ಪನನ್ನು ನೇರ ಕೇಳಿದೆ, "ನಿಮ್ಮ ಸರ್ವಿಸಿನಲ್ಲಿ ಏಟು ತಿಂದವರಲ್ಲಿ ಎಂಎಲ್‌ಎ ಕಡೆಯವರು ಎಷ್ಟು ಜನ?"

"ಅವರು ಬಂದರೆ ಕುರ್ಚಿ ಹಾಕ್ತಿದ್ವಿ ಕಣೋ" ಅಂದರು. ಮುಚ್ಚುಮರೆ ಇಲ್ಲದ ಮನುಷ್ಯ.

ವಾಪಸ್ ಬರುವಾಗ ಅಮೆರಿಕದ ಜಾರ್ಜ್ ಫ್ಲಾಯ್ಡ್ ವಿಷಯ ಬಂತು. ಮಿನಿಯಾಪೊಲಿಸ್‌ನಲ್ಲಿ 2020ರ ಮೇ ತಿಂಗಳಲ್ಲಿ ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಕತ್ತಿನ ಮೇಲೆ ಮಂಡಿಯೂರಿ ಕೊಂದ. ಅಲ್ಲಿನ ಪೊಲೀಸರು ಮೊದಲು ಕೊಟ್ಟ ಹೇಳಿಕೆಯಲ್ಲಿ ಆರೋಗ್ಯದ ತೊಂದರೆಯಿಂದ ಸತ್ತ ಅನ್ನುವ ಅರ್ಥ ಬರುವ ಹಾಗೆ ಇತ್ತು. ಹದಿನೇಳು ವರ್ಷದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ತೆಗೆದ ವಿಡಿಯೋ ಇಲ್ಲದಿದ್ದರೆ ಅದೇ ಸತ್ಯ ಆಗುತ್ತಿತ್ತು. ಆ ಪೊಲೀಸನಿಗೆ 22 ವರ್ಷ ಆರು ತಿಂಗಳು ಜೈಲಾಯ್ತು ಅಂತ ನಮ್ಮ ಹುಡುಗಿ ಹೇಳಿದಾಗ, "ಡ್ಯೂಟಿ ಮೇಲಿದ್ದ ಪೊಲೀಸಿಗಾ?" ಅಂತ ಚಿಕ್ಕಪ್ಪ ಎರಡು ಸಲ ಕೇಳಿದರು.

"ಅಪ್ಪ, ನೀವು ಅವತ್ತು ದೂರು ಯಾಕೆ ಕೊಡಲಿಲ್ಲ?"

"ಯಾರ ಹತ್ರ ಕೊಡೋದು? ಹೊಡೆದವರ ಹತ್ರಾನಾ?"

ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಮಾಡಿ ಅಂದಿತ್ತು ಅಂತ ಅವಳು ವಿವರಿಸಿದಳು. ಭಾವನಿಗೆ ಅದು ಹೊಸ ಸುದ್ದಿ. "ಇದೆ ಇದೆ. ಜನಕ್ಕೆ ಗೊತ್ತಿಲ್ಲ ಅಷ್ಟೇ" ಅಂದರು ಚಿಕ್ಕಪ್ಪ.

ಭಾವ ಮುಂದಿನ ಸೀಟಿನಿಂದ ಪೂರ್ತಿ ಹಿಂದೆ ತಿರುಗಿದರು. "ನಿಮಗೆ ಗೊತ್ತಿತ್ತಲ್ಲ ಮಾವ. ಅವತ್ತು ಕೈಗೆ ಪಟ್ಟಿ ಕಟ್ಟಿಸಿಕೊಂಡು ನಾನು ಸೀದಾ ಬಂದಿದ್ದು ನಿಮ್ಮ ಮನೆಗೇ ಅಲ್ವಾ? ಒಂದು ಮಾತು ಹೇಳಬಹುದಿತ್ತು."

"ಹೇಳಿದ್ದರೆ ನೀವು ದೂರು ಕೊಟ್ಟುಬಿಡ್ತಿದ್ರಲ್ಲ" ಅಂದರು ಚಿಕ್ಕಪ್ಪ.